ಮೊದಲು ಮನೆಗೆ ಹೋಗಿ ಮಲಗಿ

ಈ ವಾರ ಒಂದೇ ಪತ್ರ. ಉಳಿದವರು ಬೇಜಾರು ಮಾಡಿಕೊಳ್ಳಬಾರದು, ಇದು ಕಾಯುವಂಥದ್ದಲ್ಲ.

ಬರೆದವರಿಗೆ 36 ವರ್ಷ, ಮೆಡಿಕಲ್ ವಾರ್ಡಿನಲ್ಲಿ ನರ್ಸ್. ತಿಂಗಳಲ್ಲಿ ಅರ್ಧ ನೈಟ್ ಡ್ಯೂಟಿ, ರಾತ್ರಿ 8ರಿಂದ ಬೆಳಗ್ಗೆ 8. ಒಂದು ವರ್ಷದಿಂದ ಸತ್ಸಂಗ ಹಿಡಿದಿದ್ದಾರೆ. ಡ್ಯೂಟಿ ಮುಗಿಸಿ ನೇರ ಅಲ್ಲಿಗೆ ಹೋಗಿ 11ರವರೆಗೆ ಜಪ, ಪಾರಾಯಣ. ಆಮೇಲೆ ಮನೆಗೆಲಸ. 1 ಗಂಟೆಗೆ ಮಲಗಿದರೆ 4ಕ್ಕೆ ಮಗ ಸ್ಕೂಲಿನಿಂದ ಬಂದು ಎಬ್ಬಿಸುತ್ತಾನೆ. ರಾತ್ರಿ ಮತ್ತೆ ವಾರ್ಡು. ಸತ್ಸಂಗ ನಡೆಸುವ ಹಿರಿಯರೊಬ್ಬರು, ಹೊಟ್ಟೆಪಾಡಿಗೆ ಸಮಯ ಕೊಟ್ಟು ಉಳಿದದ್ದನ್ನು ದೇವರಿಗೆ ಕೊಡುವವರು ಅರ್ಧ ಭಕ್ತರು ಎಂದಿದ್ದಾರಂತೆ. ಈ ಮಾತು ಇವರಿಗೆ ಚುಚ್ಚಿದೆ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಪೂರ್ಣಾವಧಿ ಸೇವೆಗೆ ಸೇರಲೇ ಎಂದು ಕೇಳಿದ್ದಾರೆ.

ನಾಲ್ಕು ಪುಟದ ಪತ್ರ. ಹೆಚ್ಚು ಭಾಗ ಈ ಸಂಕಟವೇ. ಕೊನೆಯಲ್ಲಿ, ಬರೆಯದಿದ್ದರೂ ನಡೆಯುತ್ತಿತ್ತು ಎಂಬಂತೆ, ಎರಡು ಸಾಲು: ‘ಮೊನ್ನೆ ಬೆಳಗಿನ ಜಾವ 12ನೇ ಬೆಡ್ಡಿನವರ ಇನ್ಸುಲಿನ್ ಹಿಡಿದುಕೊಂಡು 14ನೇ ಬೆಡ್ಡಿಗೆ ಹೋಗಿದ್ದೆ. ನನಗೆ ಶುಗರ್ ಇಲ್ಲವಲ್ಲ ಸಿಸ್ಟರ್ ಅಂದರು. ದೇವರೇ ಕಾಪಾಡಿದ.’

ತಾಯಿ, ನಿಮ್ಮ ಪತ್ರ ಇರುವುದೇ ಈ ಎರಡು ಸಾಲಿನಲ್ಲಿ.

ದೇವರು ಕಾಪಾಡಿದ್ದು ಹೌದೆಂದೇ ಇಟ್ಟುಕೊಳ್ಳೋಣ. ಕಾಪಾಡಿದ್ದು 14ನೇ ಬೆಡ್ಡಿನವರಿಗೆ ಎಚ್ಚರವಿತ್ತು ಎಂಬ ಒಂದೇ ಕಾರಣಕ್ಕೆ. ಅವರು ಗಾಢ ನಿದ್ದೆಯಲ್ಲಿದ್ದಿದ್ದರೆ? ಜ್ವರದ ಮಂಪರಿನಲ್ಲಿ ‘ಹೂಂ’ ಎಂದುಬಿಟ್ಟಿದ್ದರೆ? ಶುಗರ್ ಇಲ್ಲದವರ ಮೈಗೆ ಇನ್ಸುಲಿನ್ ಹೋದರೆ ರಕ್ತದ ಸಕ್ಕರೆ 70ರ ಕೆಳಗೆ ಇಳಿಯುತ್ತಾ ಹೋಗುತ್ತದೆ. ಮೊದಲು ಬೆವರು, ನಡುಕ, ಆಮೇಲೆ ಮಾತು ತೊದಲುವುದು, ಇನ್ನೂ ಇಳಿದರೆ ಫಿಟ್ಸ್, ಕೋಮಾ. ಮಲಗಿರುವವರಲ್ಲಿ ಬೆವರು, ತೊದಲು ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಎರಡು ಸಾಲಿನಲ್ಲಿ ಮುಗಿಸಿದ್ದೀರಲ್ಲ, ಅದು ನನ್ನನ್ನು ಕೆಣಕಿತು.

ಹೀಗಾದದ್ದಕ್ಕೆ ನಿಮ್ಮ ಭಕ್ತಿ ಕಡಿಮೆಯಾದದ್ದು ಕಾರಣವಲ್ಲ, ನಿದ್ದೆ ಕಡಿಮೆಯಾದದ್ದು ಕಾರಣ. ಚೆನ್ನಾಗಿ ಮಲಗಿ ಎದ್ದವರೇ ಸತತ 17 ಗಂಟೆ ಎಚ್ಚರವಿದ್ದರೆ ಅವರ ಗಮನ, ಕೈಚಳಕ ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ; 24 ಗಂಟೆಯಾದರೆ ಶೇ. 0.1ರ ಮಟ್ಟಕ್ಕೆ. ನೀವು ದಿನ ಶುರು ಮಾಡುವುದೇ ಮೂರು ಗಂಟೆ ನಿದ್ದೆಯಿಂದ. ಅದರ ಮೇಲೆ ರಾತ್ರಿ 3ರಿಂದ 5ರೊಳಗೆ ಯಾರ ದೇಹವಾದರೂ ಕುಸಿಯುವ ಹೊತ್ತು. ಕುಡಿದು ವಾರ್ಡಿಗೆ ಬಂದ ನರ್ಸನ್ನು ನೀವು ಒಳಗೆ ಬಿಡುತ್ತಿರಲಿಲ್ಲ.

ಈಗ ಆ ಹಿರಿಯರ ವಿಷಯ. ಹೊಟ್ಟೆಪಾಡು ಒಂದು ಕಡೆ, ದೇವರು ಇನ್ನೊಂದು ಕಡೆ ಎಂದು ಗೆರೆ ಎಳೆದವರು ಅವರು. ರಾತ್ರಿಯಿಡೀ ನಿಂತು ಬಂದ ಹೆಂಗಸು ಎದುರಿಗೆ ತೂಕಡಿಸುತ್ತಿರುವುದು ಅವರಿಗೆ ಒಂದು ವರ್ಷದಿಂದ ಕಾಣಲಿಲ್ಲವೇ? ‘ಹೋಗಮ್ಮ, ಮನೆಗೆ ಹೋಗಿ ಮಲಗು’ ಎನ್ನಲು ಬಾಯಿ ಬರದವರು ಯಾರು ಅರ್ಧ ಭಕ್ತರು, ಯಾರು ಪೂರ್ತಿ ಭಕ್ತರು ಎಂದು ಅಳೆಯಲು ಹೋಗಬಾರದು.

ಗೋಷ್ಠಿಯಿಂದ ‘ಎದ್ದು ಹೋಗು’ ಎನ್ನುವ ಧೈರ್ಯ ಇದ್ದವಳು ಆಯ್ದಕ್ಕಿ ಲಕ್ಕಮ್ಮ. 12ನೇ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯನ ಕಾಯಕ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವುದು. ಒಂದು ದಿನ ಶರಣರ ಗೋಷ್ಠಿಯಲ್ಲಿ ಮೈಮರೆತು ಕೂತುಬಿಟ್ಟ ಎನ್ನುತ್ತಾರೆ. ಕೂತದ್ದು ಹರಟೆಗಲ್ಲ, ಶಿವಾನುಭವಕ್ಕೆ. ಆದರೂ ಲಕ್ಕಮ್ಮ ಬಿಡಲಿಲ್ಲ. ‘ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ’ ಎಂದು ಎಬ್ಬಿಸಿ ಕಳಿಸಿದಳು. ಅದೇ ಮಾರಯ್ಯ, ಕಾಯಕದಲ್ಲಿ ನಿರತನಾದಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು ಎಂದು ವಚನದಲ್ಲಿ ಹೇಳಿದ. ಪೂಜೆ ಬೇಡವೆಂದಲ್ಲ. ಪೂಜೆಯ ಹೆಸರಲ್ಲಿ ಕಾಯಕ ಕೆಡಬಾರದು ಎಂದು.

ಸಂಬಳ ತೆಗೆದುಕೊಳ್ಳುವುದರಿಂದ ಅದು ಸೇವೆಯಾಗದು ಎಂಬುದು ನಿಮ್ಮ ಇನ್ನೊಂದು ಕೊರಗು. ಮಾರಯ್ಯನ ಮನೆ ನಡೆದದ್ದೂ ಆಯ್ದ ಅಕ್ಕಿಯಿಂದಲೇ. ಬೇಕಾದ್ದಕ್ಕಿಂತ ಹೆಚ್ಚು ತಂದ ದಿನ ಲಕ್ಕಮ್ಮ ವಾಪಸ್ ಕಳಿಸಿದಳು, ಅಷ್ಟೇ. ದುಡಿದದ್ದಕ್ಕೆ ಸಿಕ್ಕಿದ್ದನ್ನು ಅವಳು ಮೈಲಿಗೆ ಎನ್ನಲಿಲ್ಲ. ಇದನ್ನು ಇಲ್ಲಿಗೇ ಬಿಡಿ.

ಹಾಗಾದರೆ ಏನು ಮಾಡುವುದು? ಒಂದೇ ಕೆಲಸ. ನೈಟ್ ಡ್ಯೂಟಿ ಇರುವಷ್ಟು ದಿನ ಬೆಳಗ್ಗೆ ಸತ್ಸಂಗ ಇಲ್ಲ. ಹ್ಯಾಂಡೋವರ್ ಕೊಟ್ಟ ಮೇಲೆ ನೇರ ಮನೆ, ಮನೆಯಲ್ಲಿ ನೇರ ಹಾಸಿಗೆ. ಮೂರು ತಿಂಗಳು ಹೀಗೇ. ಅಲ್ಲಿಯವರೆಗೆ ರಾಜೀನಾಮೆ ಪತ್ರದ ಒಂದಕ್ಷರವನ್ನೂ ಬರೆಯಬೇಡಿ. ನಿದ್ದೆಗೆಟ್ಟ ತಲೆಗೆ ಎಲ್ಲ ಕೆಲಸವೂ ಬಂಧನದ ಹಾಗೇ ಕಾಣುತ್ತದೆ.

9 ಗಂಟೆಯೊಳಗೆ ಮಲಗಬೇಕು. ಅದಕ್ಕೆ ಕಾರಣ ಇದೆ. ಹೊತ್ತು ಏರಿದಂತೆ ಮೈಯ ಉಷ್ಣತೆ ಏರುತ್ತದೆ, ದೇಹದ ಗಡಿಯಾರ ‘ಏಳು’ ಎನ್ನುತ್ತದೆ. 9ಕ್ಕೆ ಮಲಗಿದರೆ ಐದಾರು ಗಂಟೆ ಬರುವ ನಿದ್ದೆ, ಅಷ್ಟೇ ದಣಿವಿದ್ದರೂ 1 ಗಂಟೆಗೆ ಮಲಗಿದರೆ ಬೇಗ ಹರಿದುಹೋಗುತ್ತದೆ. ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿ, ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ನಿದ್ದೆ ಹಾರುತ್ತದೆ. ಕಿಟಕಿಗೆ ದಪ್ಪ ಪರದೆ, ಫೋನ್ ಬೇರೆ ಕೋಣೆಯಲ್ಲಿ. ಕಾಫಿ, ಟೀ ರಾತ್ರಿ 2ರ ನಂತರ ಬೇಡ. ಕುಡಿದ ಕೆಫೀನಿನ ಅರ್ಧ ಭಾಗ ಐದು ಗಂಟೆ ಕಳೆದರೂ ರಕ್ತದಲ್ಲೇ ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಏಳು ಗಂಟೆ ನಿದ್ದೆ ಬೇಕೇ ಬೇಕು. ಹಗಲು ಸಾಲದೇ ಹೋದದ್ದನ್ನು ಡ್ಯೂಟಿಗೆ ಹೊರಡುವ ಮುಂಚೆ ಒಂದೂವರೆ ಗಂಟೆ ಮಲಗಿ ತುಂಬಿಕೊಳ್ಳಿ. ಆ ಹೊತ್ತಿಗೆ ಮಗನನ್ನು ಯಾರು ನೋಡಬೇಕು ಎಂದು ಕೇಳಬೇಡಿ. ಪತ್ರದಲ್ಲಿ ನಿಮ್ಮ ಯಜಮಾನರು ಒಂದೇ ಸಲ ಬರುತ್ತಾರೆ, ‘ಅವರು 9ಕ್ಕೆ ಆಫೀಸಿಗೆ ಹೋಗುತ್ತಾರೆ’ ಎಂದು. ವಾಪಸ್ ಬರುತ್ತಾರೆ ತಾನೇ? ಬಂದ ಮೇಲೆ ಮಗ ಅವರ ಪಾಲು. ಬೆಳಗಿನ ಅಡುಗೆ, ಪಾತ್ರೆಯನ್ನೂ 9ರೊಳಗೆ ಅವರೇ ಮುಗಿಸಲಿ.

ವಾರ್ಡಿನಲ್ಲಿ ಬೆಡ್ ನಂಬರ್ ನಂಬಿ ಔಷಧಿ ಕೊಡುವುದನ್ನು ಇವತ್ತಿನಿಂದಲೇ ಬಿಡಿ. ಬೆಡ್ ಬದಲಾಗುತ್ತದೆ, ರೋಗಿ ಬದಲಾಗುತ್ತಾರೆ, ನಂಬರ್ ಮಾತ್ರ ಗೋಡೆಯ ಮೇಲೆ ಹಾಗೇ ಇರುತ್ತದೆ. ಹೆಸರು, ಆಸ್ಪತ್ರೆ ನಂಬರ್ ಎರಡನ್ನೂ ಕೈಪಟ್ಟಿಯಲ್ಲಿ ಓದಿ ಕೇಸ್ ಶೀಟಿಗೆ ತಾಳೆ ಹಾಕಿ. ‘ನೀವು ಇಂಥವರೇ ಅಲ್ಲವಾ’ ಎಂದು ಕೇಳಬೇಡಿ, ಅರೆನಿದ್ದೆಯಲ್ಲಿ ಇರುವವರು ಯಾವ ಹೆಸರಿಗೂ ‘ಹೂಂ’ ಎನ್ನುತ್ತಾರೆ. ‘ನಿಮ್ಮ ಹೆಸರು ಹೇಳಿ’ ಎನ್ನಿ. ಇನ್ಸುಲಿನ್ ಎಳೆದ ಮೇಲೆ ಇನ್ನೊಬ್ಬ ನರ್ಸಿಗೆ ತೋರಿಸದೆ ಟ್ರೇ ಎತ್ತಬೇಡಿ. ಸಿರಿಂಜ್ ಬಾಟಲಿಗೆ ಹೊಂದುವುದೇ ಎಂದೂ ಅವರು ನೋಡಲಿ. ಎಂಎಲ್‌ಗೆ 100 ಯೂನಿಟ್ ಇರುವ ಬಾಟಲಿಯಿಂದ, ಎಂಎಲ್‌ಗೆ 40 ಯೂನಿಟ್ ಎಂದು ಗುರುತಿರುವ ಸಿರಿಂಜಿಗೆ ಎಳೆದರೆ ಹೋಗುವುದು ಎರಡೂವರೆ ಪಟ್ಟು ಡೋಸ್.

ಜಪ ಎಲ್ಲಿ ಮಾಡಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೈಗೆ ಸ್ಯಾನಿಟೈಸರ್ ಉಜ್ಜಿಕೊಳ್ಳುವಾಗ ಮಾಡಿ. ಸರಿಯಾಗಿ ಉಜ್ಜಿದರೆ 20ರಿಂದ 30 ಸೆಕೆಂಡ್ ಹಿಡಿಯುತ್ತದೆ. ಸೋಪು, ನೀರಾದರೆ 40ರಿಂದ 60. ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ ಎಲ್ಲ ಮುಗಿಯುವವರೆಗೆ ನಾಮ ಹೇಳುತ್ತಿರಿ. ರೋಗಿಯನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಹೇಗಿದ್ದರೂ ಉಜ್ಜಲೇಬೇಕು. ಒಂದು ರಾತ್ರಿಯಲ್ಲಿ ಎಷ್ಟು ಸಲವಾಗುತ್ತದೋ ಎಣಿಸಲು ಹೋಗಬೇಡಿ, ಎಣಿಕೆ ಶುರುವಾದರೆ ಆ ಹಿರಿಯರ ದಾರಿಗೇ ಬರುತ್ತೀರಿ. ಆದರೆ ಔಷಧಿ ಎಳೆಯುವಾಗ, ಡೋಸ್ ಲೆಕ್ಕ ಹಾಕುವಾಗ, ಡ್ರಿಪ್ಪಿನ ಹನಿ ಎಣಿಸುವಾಗ ಮನಸ್ಸಿನಲ್ಲಿ ನಾಮವೂ ಬೇಡ. ಆ ಹೊತ್ತಿಗೆ ಕಣ್ಣು, ತಲೆ ಎರಡೂ ಲೇಬಲ್ಲಿನ ಮೇಲೆ. ಯಾರಾದರೂ ಮಾತಾಡಿಸಿದರೂ ‘ಒಂದು ನಿಮಿಷ’ ಎಂದು ಕೈ ತೋರಿಸಿ. ಮಧ್ಯ ಎಲ್ಲಿಯಾದರೂ ತಪ್ಪಿದರೆ ಮೊದಲಿನಿಂದ.

ಮೂರು ತಿಂಗಳು ಚೆನ್ನಾಗಿ ಮಲಗಿದ ಮೇಲೂ ಈ ಕೆಲಸ ಬೇಡವೆನಿಸಿದರೆ ಧಾರಾಳವಾಗಿ ಬಿಡಿ. ಬೆನ್ನುನೋವು ಎಂದೋ, ಇನ್‌ಚಾರ್ಜ್ ಕಾಟ ಎಂದೋ ನಿಜವಾದ ಕಾರಣ ಬರೆಯಿರಿ. ಕಾಟದ ಬಗ್ಗೆ ಒಂದು ಪುಟ ಬರೆದಿದ್ದೀರಲ್ಲ, ಅದು ಸಣ್ಣ ಕಾರಣವೇನಲ್ಲ. ಅದನ್ನು ದೇವರ ಲೆಕ್ಕಕ್ಕೆ ಹಾಕಬೇಡಿ.

ಮೊನ್ನೆಯ ವಿಷಯ ಯಾರಿಗೂ ಹೇಳಿಲ್ಲ ಎಂದಿದ್ದೀರಿ. ಇವತ್ತು ರಾತ್ರಿ ಡ್ಯೂಟಿಗೆ ಹೋದ ಕೂಡಲೇ ಅದನ್ನು ಬರೆದು ಕೊಡಿ: ದಿನಾಂಕ, ಹೊತ್ತು, ಯಾವ ಔಷಧಿ, ಯಾವ ಬೆಡ್ಡಿನಿಂದ ಯಾವ ಬೆಡ್ಡಿಗೆ, ರೋಗಿ ಹೇಳಿದ್ದೇನು, ಔಷಧಿ ಮೈಗೆ ಹೋಗಲಿಲ್ಲ ಎಂದು. 12 ಮತ್ತು 14ರ ಗೊಂದಲ ನಿಮ್ಮೊಬ್ಬರದೇ ಆಗಿರಲಾರದು, ನಿಮ್ಮ ನಂತರದ ಪಾಳಿಗೆ ಬರುವ ಹುಡುಗಿಗೂ ಅದೇ ಟ್ರೇ, ಅದೇ ಗೋಡೆ. ಬೈಸಿಕೊಳ್ಳಬಹುದು. ಬೈಸಿಕೊಳ್ಳಿ. ಸತ್ಸಂಗದ ಹಿರಿಯರಿಗೆ ಫೋನ್ ಮಾಡಿ ‘ನೈಟ್ ಡ್ಯೂಟಿ ಇರುವ ದಿನ ಬರುವುದಿಲ್ಲ’ ಎಂದಷ್ಟೇ ಹೇಳಿ. ಯಾಕೆಂದು ಕೇಳಿದರೆ ಉತ್ತರ ಕೊಡಬೇಕಾಗಿಲ್ಲ.