ಬಿಪಿ ಇದ್ದರೂ ಏನೂ ತೊಂದರೆ ಕಾಣಲ್ಲ. ಮತ್ತೆ ಅದನ್ನು ದೇಶದ ದೊಡ್ಡ ಆರೋಗ್ಯ ಸಮಸ್ಯೆ ಅನ್ನೋದು ಯಾಕೆ?

ಏನೂ ಕಾಣದಿರುವುದೇ ಸಮಸ್ಯೆ. ಬಿಪಿ 140/90 ದಾಟಿದರೂ ಊಟ, ನಿದ್ದೆ, ಕೆಲಸ ಎಲ್ಲ ಮಾಮೂಲಿ. ಒಳಗೆ ಮಾತ್ರ ರಕ್ತನಾಳದ ಗೋಡೆ ವರ್ಷಗಟ್ಟಲೆ ಒತ್ತಡ ತಿಂದು ಬಿರುಸಾಗುತ್ತದೆ, ಕಿಡ್ನಿಯ ಸಣ್ಣ ನಾಳಗಳು ಹಾಳಾಗುತ್ತವೆ. ಎಷ್ಟೋ ಮನೆಗಳಲ್ಲಿ ಲಕ್ವ ಹೊಡೆದ ಮೇಲೇ ಬಿಪಿ ಇದ್ದದ್ದು ಗೊತ್ತಾಗುವುದು.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 35.5 ಮಂದಿಗೆ ಬಿಪಿ ಇದೆ. ಸಕ್ಕರೆ ಕಾಯಿಲೆ ಇರುವವರು ಶೇ. 11.4. ಅಂದರೆ ಶುಗರ್‌ನ ಮೂರು ಪಟ್ಟು, ಆದರೂ ನಮ್ಮ ಜನ ಹೆದರುವುದು ಶುಗರ್‌ಗೆ! ಕಿಡ್ನಿ ಕೆಟ್ಟರೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್. ಜೊತೆಗೆ ಹೋಗುವವರ ಕೂಲಿಯೂ ಹೋಯಿತು. ಅದರ ಮುಂದೆ ದಿನಕ್ಕೊಂದು ಅಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆಯ ಖರ್ಚು ಏನೂ ಅಲ್ಲ.

ಆದರೆ ‘ನಾರ್ಮಲ್ ಬಂತಲ್ಲ’ ಅಂತ ಸುಮ್ನೆ ಮಾತ್ರೆ ಬಿಡುವವರೇ ಜಾಸ್ತಿ. ನಾರ್ಮಲ್ ಬಂದದ್ದು ಮಾತ್ರೆಯಿಂದ ತಾನೆ? ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಹೆಚ್ಚೆಂದರೆ ಒಂದು ಟೀ ಚಮಚ. ಸಾರಿಗೆ ಹಾಕಿದ್ದಷ್ಟೇ ಲೆಕ್ಕವಲ್ಲ. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಬೇಕರಿಯ ಖಾರಾ ಬನ್ ಎಲ್ಲ ಸೇರಿ.

ಮೂವತ್ತು ದಾಟಿದ್ದರೆ ಹತ್ತಿರದ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಬಿಪಿ ನೋಡಿಸಬಹುದು. ಮೆಟ್ಟಿಲು ಹತ್ತಿದ ಕೂಡಲೇ ಕೈ ಚಾಚಬೇಡಿ. ಐದು ನಿಮಿಷ ಬೆನ್ನು ಒರಗಿಸಿ ಕೂತು, ಮಾತಾಡದೆ ನೋಡಿಸಿ. ಅರ್ಧ ಗಂಟೆ ಮೊದಲು ಕಾಫಿಯೂ ಬೇಡ.