ಫೈಲ್ ಜೋಡಿಸುವುದೂ ವಕೀಲರ ಕೆಲಸವೇ?

ಪ್ರಶ್ನೆ: ವಕೀಲಳಾಗಿ ಇದು ಎರಡನೇ ವರ್ಷ. ವಿದ್ಯುತ್ ಸ್ಥಾವರ ಮತ್ತು ದೊಡ್ಡ ಕಾಮಗಾರಿಗಳ ವ್ಯಾಜ್ಯ ನೋಡುವ ತಂಡದಲ್ಲಿದ್ದೇನೆ. ವಾದ ಮಾಡುವ ಆಸೆಯಿಂದ ಬಂದೆ. ಆದರೆ ದಿನವಿಡೀ ಹಳೇ ಇಮೇಲ್, ಸೈಟ್ ಡೈರಿ ಓದಿ ತಾರೀಖಿನ ಪಟ್ಟಿ ಮಾಡೋದೇ ಆಗಿದೆ. ನಾನು ಏನಾದರೂ ಕಲಿಯುತ್ತಿದ್ದೇನಾ?

ಉತ್ತರ: ಖಂಡಿತ ಕಲಿಯುತ್ತಿದ್ದೀರಿ. ಇಂಥ ವ್ಯಾಜ್ಯಗಳಲ್ಲಿ ಕಾನೂನಿನ ಪ್ರಶ್ನೆ ಎಷ್ಟೋ ಸಲ ಚಿಕ್ಕದು, ಯಾವತ್ತು ಏನಾಯಿತು, ಯಾರಿಗೆ ಯಾವಾಗ ಗೊತ್ತಾಯಿತು ಅನ್ನೋದೇ ದೊಡ್ಡ ಜಗಳ.

ಟರ್ಬೈನ್ ಕೂರಿಸೋದು ತಡವಾಯಿತು ಅಂದುಕೊಳ್ಳಿ. ಮಾಲೀಕರು ದಿನಕ್ಕಿಷ್ಟು ಅಂತ ಬಿಲ್ಲಿನಲ್ಲಿ ಹಣ ಹಿಡಿದಿದ್ದಾರೆ. ಗುತ್ತಿಗೆದಾರರು ‘ನಕ್ಷೆ ಕೊಟ್ಟಿದ್ದೇ ನೀವು ತಡವಾಗಿ’ ಅನ್ನುತ್ತಾರೆ. ಹಾಗೆ ತಡವಾದ ಒಂದು ದಿನದ ಸೈಟ್ ಡೈರಿಯಲ್ಲಿ ಇರೋದು ಒಂದೇ ಸಾಲು: ‘ಜೋರು ಗಾಳಿ, ಕ್ರೇನ್ ನಿಂತಿದೆ, ಬೋಲ್ಟ್ ಬಂದಿಲ್ಲ.’ ಗಾಳಿಯ ಹೊಣೆ ಯಾರದು? ಬೋಲ್ಟ್ ಯಾರು ತರಬೇಕಿತ್ತು? ನಕ್ಷೆ ಸಮಯಕ್ಕೆ ಬಂದಿದ್ದರೂ ಅವತ್ತು ಕೆಲಸ ನಡೆಯುತ್ತಿತ್ತಾ? ಈ ಮೂರನೇ ಪ್ರಶ್ನೆಯಿಂದ ಇಡೀ ವಾದವೇ ತಿರುಗಬಹುದು. ಅದು ಮೊದಲು ಕಣ್ಣಿಗೆ ಬೀಳೋದು ಡೈರಿ ಓದಿದ ನಿಮಗೇ, ಅಲ್ವಾ?

ಇನ್ನೊಂದು ವಿಷಯ, ನೋಟಿಸ್. ಅಂತರರಾಷ್ಟ್ರೀಯ ಕಾಮಗಾರಿಗಳಲ್ಲಿ ತುಂಬಾ ಬಳಕೆಯಲ್ಲಿರುವ ಫಿಡಿಕ್ (ಸಲಹಾ ಇಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ) ಒಪ್ಪಂದದ 1999ರ ಮಾದರಿಯಲ್ಲಿ, ತೊಂದರೆ ಗೊತ್ತಾದ ಅಥವಾ ಗೊತ್ತಾಗಬೇಕಿದ್ದ ದಿನದಿಂದ 28 ದಿನದೊಳಗೆ ಗುತ್ತಿಗೆದಾರರು ನೋಟಿಸ್ ಕೊಡಬೇಕು. ಇಲ್ಲದಿದ್ದರೆ ಹೆಚ್ಚುವರಿ ಸಮಯವೂ ಇಲ್ಲ, ಹಣವೂ ಇಲ್ಲ. 2017ರ ಮಾದರಿ ಇದೇ ಗಡುವನ್ನು ಮಾಲೀಕರಿಗೂ ಹಾಕಿತು. ಹಾಗಾಗಿ ಸಭೆಯ ನಡಾವಳಿಯಲ್ಲಿ ಯಾರೋ ಬರೆದ ಒಂದು ವಾಕ್ಯ ನೋಟಿಸ್ ಆಗುತ್ತದೋ ಇಲ್ಲವೋ ಅನ್ನುವುದರ ಮೇಲೆ ಕೋಟಿಗಟ್ಟಲೆ ಹಣ ನಿಂತಿರುತ್ತದೆ.

ಆದರೆ ಪಟ್ಟಿ ಮಾಡಿ ಕೊಟ್ಟು ಸುಮ್ನೆ ಕೂರಬೇಡಿ. ಅದರ ಜೊತೆ ಒಂದು ಪುಟದ ಟಿಪ್ಪಣಿ ಕೊಡಿ: ನಮಗೆ ಏಟು ಕೊಡುವ ತಾರೀಖುಗಳು ಇವು, ಕಾರಣ ಇದು. ತಡವಾದ ದಿನಗಳ ಲೆಕ್ಕ ಹಾಕುವ ತಜ್ಞರ ಪಕ್ಕ ಕೂತು ಕ್ರಿಟಿಕಲ್ ಪಾತ್ ಅಂದರೇನು, ಯಾವ ಕೆಲಸ ಒಂದು ದಿನ ತಪ್ಪಿದರೆ ಇಡೀ ಯೋಜನೆ ಒಂದು ದಿನ ಹಿಂದೆ ಬೀಳುತ್ತದೆ ಅಂತ ಕೇಳಿ ತಿಳಿದುಕೊಳ್ಳಿ. ಅವರ ಪಾಟೀಸವಾಲಿನ ದಿನ ಹಾಜರಿರಲು ಅನುಮತಿ ಕೇಳಿ. ನಿಮ್ಮ ಪಟ್ಟಿ ಎಲ್ಲಿ ಬಳಕೆಯಾಯಿತು ಅಂತ ಹಿರಿಯರು ಯಾವತ್ತೂ ಹೇಳುತ್ತಿಲ್ಲವಾದರೆ ಅದು ಅವರ ತಪ್ಪು. ನೇರವಾಗಿ ಕೇಳಿಬಿಡಿ.

ಪ್ರಶ್ನೆ: ಈ ಕೆಲಸಕ್ಕೆ ಇಂಜಿನಿಯರಿಂಗ್ ಓದಿರಬೇಕಾ?

ಉತ್ತರ: ಬೇಡ. ಆದರೆ ಮೆಗಾವ್ಯಾಟ್ ಬೇರೆ, ಮೆಗಾವ್ಯಾಟ್-ಅವರ್ ಬೇರೆ ಅನ್ನೋದು ಗೊತ್ತಿರಲೇಬೇಕು. ಮೊದಲನೆಯದು ಸ್ಥಾವರದ ಸಾಮರ್ಥ್ಯ, ಎರಡನೆಯದು ಅದು ಉತ್ಪಾದಿಸಿದ ವಿದ್ಯುತ್ತು. 50 ಮೆಗಾವ್ಯಾಟ್ ಸ್ಥಾವರ ಪೂರ್ತಿ ಸಾಮರ್ಥ್ಯದಲ್ಲಿ 24 ಗಂಟೆ ಓಡಿದರೆ 1,200 ಮೆಗಾವ್ಯಾಟ್-ಅವರ್. ಪರಿಹಾರದ ಲೆಕ್ಕ ಕೈಗೆ ಬಂದಾಗ ಮೊದಲು ಈ ಎರಡು ಅದಲುಬದಲಾಗಿಲ್ಲವೇ ಅಂತ ನೋಡಿ.