ಬಿ.ಇಡ್. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುವಾಗ 'ನನ್ನ ಶಿಕ್ಷಣ ತತ್ವ' ಎಂಬ ಟಿಪ್ಪಣಿ ಕೇಳುತ್ತಾರೆ. ಅದರಲ್ಲಿ ಏನು ಬರೆಯಬೇಕು?

ಒಂದು ಪುಟ ಸಾಕು. ತತ್ವಜ್ಞಾನಿಗಳ ಹೆಸರುಗಳಿಂದ ಶುರು ಮಾಡಬೇಡಿ. ಎರಡೋ ಮೂರೋ ನಂಬಿಕೆ ಆರಿಸಿ, ಪ್ರತಿಯೊಂದಕ್ಕೂ ತರಗತಿಯಲ್ಲಿ ನೀವು ಮಾಡುವ ಕೆಲಸವನ್ನು ಜೋಡಿಸಿ.

'ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಯುತ್ತದೆ' ಎಂದು ಯಾರು ಬೇಕಾದರೂ ಬರೆದಾರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಆ ನಂಬಿಕೆಯನ್ನು ಕಲಿಕಾ ಏಣಿ (ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠಗಳು), ಕಾರ್ಡು, ಗುಂಪುಗಳಾಗಿ ಇಳಿಸಿತು. ನೀವೂ ಹಾಗೇ ಇಳಿಸಬೇಕು. ಉದಾಹರಣೆಗೆ: '3ನೇ ತರಗತಿಗೆ ದಶಕ ದಾಟುವ ಸಂಕಲನ (ಬಿಡಿಗಳ ಮೊತ್ತ ಹತ್ತನ್ನು ಮೀರುವ ಕೂಡುವ ಲೆಕ್ಕ) ಕಲಿಸುವ ಮೊದಲು 5 ಲೆಕ್ಕ ಕೊಡುತ್ತೇನೆ. ಅಂಕಗಳನ್ನಲ್ಲ, ತಪ್ಪಿನ ಬಗೆಯನ್ನು ನೋಡಿ ಗುಂಪು ಮಾಡುತ್ತೇನೆ. 27ಕ್ಕೆ 15 ಕೂಡಿಸುವಾಗ 2+1=3, 7+5=12 ಎಂದು ಪಕ್ಕಪಕ್ಕ ಇಟ್ಟು 312 ಎಂದು ಬರೆದ ಮಗುವಿಗೆ ಹತ್ತತ್ತು ಕಡ್ಡಿಗಳ ಕಟ್ಟು ಕೊಡುತ್ತೇನೆ. ಎರಡು ವಾರಕ್ಕೊಮ್ಮೆ ಗುಂಪು ಬದಲಿಸುತ್ತೇನೆ.' ಈ ಕೊನೆಯ ವಾಕ್ಯ ಬಿಡಬೇಡಿ. ಗುಂಪು ಬದಲಾಗದಿದ್ದರೆ ಮಕ್ಕಳೇ ಅದಕ್ಕೆ 'ದಡ್ಡರ ಗುಂಪು' ಎಂದು ಹೆಸರಿಡುತ್ತಾರೆ, ಆಮೇಲೆ ಆ ಮಗು ಕೈಯೆತ್ತುವುದೇ ಇಲ್ಲ.

ಶಿಸ್ತಿನ ಬಗ್ಗೆಯೂ ಬರೆಯಿರಿ. ಹೊಡೆಯುವುದನ್ನು, ಮಾನಸಿಕವಾಗಿ ಹಿಂಸಿಸುವುದನ್ನು ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ನಿಷೇಧಿಸಿದೆ. ಅದರ ಬದಲು ನೀವೇನು ಮಾಡುತ್ತೀರಿ ಎಂಬುದೇ ಮುಖ್ಯ.

ಬರೆದ ಮೇಲೆ ಪ್ರತಿ ವಾಕ್ಯಕ್ಕೂ 'ಸೋಮವಾರ ಇದನ್ನು ಹೇಗೆ ಮಾಡುತ್ತೇನೆ?' ಎಂದು ಕೇಳಿಕೊಳ್ಳಿ. ಉತ್ತರ ಸಿಗದ ವಾಕ್ಯವನ್ನು ತೆಗೆದುಹಾಕಿ.